ದರಕಿಗೂ ಲೆಕ್ಕ ಬೇಕು

ಅಮೆರಿಕದ ಜಾರ್ಜಿಯಾ, ಫ್ಲಾರಿಡಾ, ಉತ್ತರ ಕ್ಯಾರೊಲಿನಾ ಮುಂತಾದ ಸಂಸ್ಥಾನಗಳಲ್ಲಿ ಪೈನ್ ಮರದಿಂದ ಉದುರುವ ಒಣ ಎಲೆಯೇ ಒಂದು ಬೆಳೆ. ಸೂಜಿಯಂತಹ ಆ ಎಲೆಯನ್ನು ಕೆರೆದು, ಹುಲ್ಲಿನಂತೆ ಪಿಂಡಿ ಕಟ್ಟಿ, ಪಟ್ಟಣದ ಮನೆಗಳ ಹೂದೋಟಕ್ಕೆ ಹೊದಿಕೆಯಾಗಿ ಮಾರುತ್ತಾರೆ. ಉತ್ತರ ಕ್ಯಾರೊಲಿನಾದಲ್ಲಂತೂ, ಸೂಚನಾ ಫಲಕ ಹಾಕಿದ ಜಮೀನಿನಿಂದ ಅದನ್ನು ಕದ್ದರೆ ಗುರುತರ ಅಪರಾಧವೆಂದು ಕಾನೂನೇ ಇದೆ. ದರಕು ಕದ್ದವನಿಗೆ ಶಿಕ್ಷೆ ಎಂದರೆ ನಮ್ಮಲ್ಲಿ ನಕ್ಕಾರು.

ಆದರೆ ನಗುವ ಮೊದಲು ಅವರ ಲೆಕ್ಕವನ್ನು ನೋಡೋಣ. ನೆಟ್ಟ ಸುಮಾರು 8-10 ವರ್ಷಕ್ಕೆ ಕೆರೆಯಲು ತೊಡಗಿದರೆ ಮರ ಕಡಿಯುವ ತನಕ ನಡುನಡುವೆ ಆದಾಯ ಬರುತ್ತದೆ. ಗೇಣುದ್ದದಿಂದ ಒಂದೂವರೆ ಅಡಿಯವರೆಗೆ ಎಲೆ ಬಿಡುವ ಲಾಂಗ್‌ಲೀಫ್ ಎಂಬ ಜಾತಿಗೆ ಬೇಡಿಕೆ ಹೆಚ್ಚು. ಕೆರೆಯುವ ಜಾಗದಲ್ಲಿ ಪೊದೆ, ಕಸಕಡ್ಡಿ ಇರಬಾರದು. ಇಷ್ಟು ಸುಲಭದ ಭಾಗ. ಕಷ್ಟದ್ದು ಮುಂದಿದೆ. ಪಿಂಡಿಯೊಡನೆ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣವೆಲ್ಲ ಗಾಡಿ ಹತ್ತುತ್ತವೆ. ನೆಲ ಬತ್ತಲಾಗಿ ತೇವ ಆರುತ್ತದೆ. ಆದ್ದರಿಂದಲೇ ಅಲ್ಲಿಯ ಅರಣ್ಯ ತಜ್ಞರು ಹೇಳುವುದು: ಹೊಸದಾಗಿ ಬಿದ್ದ ಕೆಂಪು ಎಲೆಯನ್ನಷ್ಟೇ ತೆಗೆಯಿರಿ, ಕೆಳಗಿನ ಕೊಳೆತ ಪದರವನ್ನು ಮುಟ್ಟಬೇಡಿ, ಕಡಿದಾದ ಇಳಿಜಾರಿನಲ್ಲಿ ಕೆರೆಯಬೇಡಿ, ನಡುವೆ ಕೆಲವು ವರ್ಷ ಬಿಡುವು ಕೊಡಿ, ಮಣ್ಣು, ಎಲೆಗಳನ್ನು ಪರೀಕ್ಷಿಸಿ ಗೊಬ್ಬರ ಹಾಕಿ. ಎಲ್ಲರೂ ಪಾಲಿಸುತ್ತಾರೆಂದಲ್ಲ. ದುರಾಸೆ ಎಲ್ಲ ದೇಶದಲ್ಲೂ ಇದೆ.

ನಾವು ಪೈನ್ ನೆಡಿ ಎನ್ನುತ್ತಿಲ್ಲ. ನಮಗೆ ಬೆಟ್ಟವಿದೆ. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಯ ಸೊಪ್ಪು, ದರಕು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಮರದ ಬುಡ ಸೇರುತ್ತದೆ. ಕಾಫಿ ಬೆಳೆಗಾರರು ಈ ವಿಷಯದಲ್ಲಿ ಪುಣ್ಯವಂತರು. ನೆರಳು ಮರದ ಎಲೆ ತೋಟದಲ್ಲೇ ಬಿದ್ದು ಅಲ್ಲೇ ಕೊಳೆಯುತ್ತದೆ. ಅಡಿಕೆಯವರದು ಹಾಗಲ್ಲ. ತೋಟಕ್ಕೆ ಬಂದದ್ದು ಬೆಟ್ಟದಿಂದ ಹೋದದ್ದೇ. ಬೆಟ್ಟಕ್ಕೆ ನಾವು ಹಿಂತಿರುಗಿಸಿದ್ದೇನು? ಪೈನ್ ಬೆಳೆಯುವವನಾದರೂ ಒಂದು ಚೀಲ ಗೊಬ್ಬರ ಹಾಕುತ್ತಾನೆ. ನಾವು ಬುಟ್ಟಿ ಹಿಡಿದು, ಜಂಬಿಟ್ಟಿಗೆ ಕಾಣುವಷ್ಟು ಗುಡಿಸಿ ಬರುತ್ತೇವೆ. ಆಮೇಲೆ ಬೆಟ್ಟ ಬೋಳಾಯಿತು, ಬೇಸಿಗೆಯಲ್ಲಿ ಒರತೆ ಬತ್ತಿತು ಎಂದು ಸಂಘದ ಸಭೆಯಲ್ಲಿ ಗೊಣಗುತ್ತೇವೆ.

ಗೊಬ್ಬರ ಹೊತ್ತು ಬೆಟ್ಟ ಹತ್ತಿ ಎಂದರೆ ಯಾರೂ ಕೇಳರು, ಆಳಿಲ್ಲದ ಈ ಕಾಲದಲ್ಲಿ ಅದು ಆಗುವ ಮಾತೂ ಅಲ್ಲ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲು ಮಾತ್ರ ಗುಡಿಸುವುದಕ್ಕೆ ಖರ್ಚೇನೂ ಇಲ್ಲ. ಕಡಿದಾದ ಜಾಗವನ್ನು ಪೂರ್ತಿ ಬಿಟ್ಟುಬಿಡೋಣ. ಕಡಿಮೆಯಾದ ದರಕಿನ ಬದಲಿಗೆ ಅಡಿಕೆ ಸಿಪ್ಪೆಯಿದೆ, ಉದುರಿದ ಸೋಗೆಯಿದೆ. ಎಷ್ಟೋ ಮನೆಗಳಲ್ಲಿ ಸಿಪ್ಪೆ ಇಂದಿಗೂ ರಸ್ತೆಯ ಬದಿಯಲ್ಲಿ ರಾಶಿ ಬಿದ್ದು ಬೆಂಕಿಗೆ ಹೋಗುತ್ತಿದೆ.