ಕಾರಿನ ಅಂಗಡಿಯೂ ಓದುವ ಯಂತ್ರಗಳೂ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕಾರು ಮಾರಾಟದ ವ್ಯವಹಾರದಲ್ಲಿದ್ದಾರೆ. ಒಂದೇ ಒಡೆತನದಲ್ಲಿ ಹಲವು ಊರುಗಳಲ್ಲಿ ಹಲವು ಕಂಪನಿಗಳ ಶೋರೂಂಗಳನ್ನು ನಡೆಸುವ ಡೀಲರ್ ಸಮೂಹಗಳಲ್ಲಿ ಅವರ ಉದ್ಯೋಗ. ಈಚೆಗೆ ಅವರು ನನ್ನ ಮುಂದಿಡುವ ಪ್ರಶ್ನೆ ಒಂದೇ: "ಸಾರ್, ನಮ್ಮ ಜಾಲತಾಣ ಕೃತಕ ಬುದ್ಧಿಮತ್ತೆಯ ಕಣ್ಣಿಗೆ ಬೀಳುವಂತೆ ಮಾಡುವುದು ಹೇಗೆ?" ಪಾಠ ಹೇಳಿದವನಿಗೆ ಕಾರಿನ ಅಂಗಡಿಯಲ್ಲೇನು ಕೆಲಸವೆಂದು ನೀವು ನಗಬಹುದು. ಆದರೆ ಇದು ಮೂಲತಃ ಓದು-ಬರಹದ ಪ್ರಶ್ನೆ. ಓದುವವನು ಈ ಸಲ ಮನುಷ್ಯನಲ್ಲ, ಯಂತ್ರ, ಅಷ್ಟೇ ವ್ಯತ್ಯಾಸ. ಆ ಯಂತ್ರಗಳಿಗೆ ಬಾಗಿಲು ತೆರೆಯಲೇಬೇಕು, ಆದರೆ ಅದಕ್ಕೂ ಮೊದಲು ಒಳಗೆ ಬೆಲೆಯನ್ನು ಪೂರ್ತಿಯಾಗಿ ಬರೆದಿಟ್ಟಿರಬೇಕು ಎಂಬುದು ನನ್ನ ಅಭಿಪ್ರಾಯ. ಬಾಗಿಲು ತೆರೆಯುವ ಉಪಾಯವನ್ನು ಎಲ್ಲರೂ ಕೇಳುತ್ತಾರೆ, ಬರೆದಿಡುವ ಮಾತನ್ನು ಯಾರೂ ಎತ್ತುವುದಿಲ್ಲ.

ಹಿಂದೆ ಕಾರು ಕೊಳ್ಳುವವರು ವಾಹನಗಳ ವಿಷಯ ಬಲ್ಲ ನೆಂಟನೊಬ್ಬನನ್ನು ಜೊತೆಗೆ ಕರೆದುಕೊಂಡು ಶೋರೂಮಿಗೆ ಹೋಗುತ್ತಿದ್ದರು. ಆಮೇಲೆ ಅಂತರ್ಜಾಲದಲ್ಲಿ ಹುಡುಕಿ ಹತ್ತು ಕೊಂಡಿಗಳನ್ನು ಒತ್ತಿ ನೋಡುವ ಕಾಲ ಬಂತು. ಈಗ ಅನೇಕರು ಚಾಟ್‌ಜಿಪಿಟಿ, ಜೆಮಿನಿ ಮೊದಲಾದವುಗಳನ್ನು ನೇರವಾಗಿ ಕೇಳುತ್ತಾರೆ: "ನಮ್ಮ ಊರಿನ ಸಮೀಪ ಈ ಕಾರು ಎಲ್ಲಿ ಸಿಗುತ್ತದೆ, ಕೈಗೆ ಬರುವಾಗ ಎಷ್ಟಾಗುತ್ತದೆ?" ಉತ್ತರ ಒಂದೇ ಕಂಡಿಕೆಯಲ್ಲಿ ಬರುತ್ತದೆ. ಆ ಕಂಡಿಕೆಯಲ್ಲಿ ಹೆಸರಿಲ್ಲದ ಅಂಗಡಿ ಆ ಗಿರಾಕಿಯ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ನನ್ನ ವಿದ್ಯಾರ್ಥಿಗಳ ಆತಂಕ ಸಕಾರಣವಾದದ್ದೇ.

ಈ ಉತ್ತರಗಳ ಹಿಂದೆ ಜಾಲದಲ್ಲಿ ಪುಟದಿಂದ ಪುಟಕ್ಕೆ ಸಂಚರಿಸಿ ಓದುವ ತಂತ್ರಾಂಶಗಳಿವೆ. ಅವನ್ನು ಕ್ರಾಲರ್ ಎನ್ನುತ್ತಾರೆ. ಸಭ್ಯ ಕ್ರಾಲರ್ ಒಂದು ತಾಣಕ್ಕೆ ಬಂದಾಗ ಮೊದಲು ನೋಡುವುದು 'ರೋಬಾಟ್ಸ್.ಟಿಎಕ್ಸ್‌ಟಿ' ಎಂಬ ಪುಟ್ಟ ಕಡತವನ್ನು. ಯಾರು ಒಳಗೆ ಬರಬಹುದು, ಯಾವ ಕೋಣೆಗೆ ಬರಬಾರದು ಎಂದು ಅದರಲ್ಲಿ ಬರೆದಿರುತ್ತದೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಎಂಬವರು ಸೂಚಿಸಿದ ಈ ಪದ್ಧತಿಗೆ ವಿಧ್ಯುಕ್ತ ಮಾನಕದ ರೂಪ ದೊರೆತದ್ದು 2022ರಲ್ಲಿ. ಒಂದೇ ಕಂಪನಿಗೆ ಒಂದಕ್ಕಿಂತ ಹೆಚ್ಚು ಕ್ರಾಲರ್‌ಗಳಿರುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಓಪನ್‌ಎಐ ಕಂಪನಿಯ 'ಜಿಪಿಟಿಬಾಟ್' ತರಬೇತಿಗಾಗಿ ಓದುತ್ತದೆ. 'ಒಎಐ-ಸರ್ಚ್‌ಬಾಟ್' ಹುಡುಕಾಟದ ಉತ್ತರಗಳಿಗಾಗಿ ಓದುತ್ತದೆ. ಮೊದಲನೆಯದನ್ನು ತಡೆದು ಎರಡನೆಯದನ್ನು ಬಿಡಬಹುದು. ಈ ಭೇದ ತಿಳಿಯದೆ ಎಲ್ಲವನ್ನೂ ಒಟ್ಟಿಗೆ ತಡೆದರೆ ಬೋರ್ಡು ಹಾಕಿ ಕದ ಮುಚ್ಚಿದಂತಾಗುತ್ತದೆ.

ಕೆಲವೊಮ್ಮೆ ಕದ ಮುಚ್ಚಿರುವುದು ಒಡೆಯನಿಗೇ ತಿಳಿದಿರುವುದಿಲ್ಲ. ಲಕ್ಷಾಂತರ ತಾಣಗಳಿಗೆ ಕಾವಲು ಕಾಯುವ ಕ್ಲೌಡ್‌ಫ್ಲೇರ್ ಸಂಸ್ಥೆ 2025ರ ಜುಲೈ 1ರಂದು, ತನ್ನಲ್ಲಿ ಹೊಸದಾಗಿ ಸೇರುವ ತಾಣಗಳಿಗೆ ಕೃತಕ ಬುದ್ಧಿಮತ್ತೆಯ ಕ್ರಾಲರ್‌ಗಳನ್ನು ತಡೆಯುವುದೇ ಸಹಜ ಸ್ಥಿತಿಯೆಂದು ಪ್ರಕಟಿಸಿತು. ಬೇಕೆಂದವರು ತಾವೇ ಅನುಮತಿ ನೀಡಬೇಕು. ಇದು ಲೇಖಕರಿಗೂ ಪತ್ರಿಕೆಗಳಿಗೂ ನ್ಯಾಯವಾದ ಏರ್ಪಾಡು. ಆದರೆ ಕಾರಿನ ಅಂಗಡಿಯವರು ಗಿರಾಕಿ ಬರಲೆಂದು ಕಾಯುತ್ತಿರುವಾಗ ಕಾವಲುಗಾರ ಹೊರಗಿನಿಂದಲೇ ಸಾಗಹಾಕುತ್ತಿರಬಹುದು. ತಾಣವನ್ನು ನೋಡಿಕೊಳ್ಳುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಎರಡನೆಯ ಅಡ್ಡಿ ಇನ್ನೂ ಸೂಕ್ಷ್ಮವಾದದ್ದು. ಇಂದಿನ ಅನೇಕ ಜಾಲಪುಟಗಳು ಖಾಲಿ ಚೌಕಟ್ಟಾಗಿ ಬಂದು, ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಆದೇಶಗಳು ನಮ್ಮ ಕಂಪ್ಯೂಟರಿನಲ್ಲಿ ನಡೆದ ಮೇಲಷ್ಟೇ ಕಾರು, ಬಣ್ಣ, ಬೆಲೆಗಳಿಂದ ತುಂಬಿಕೊಳ್ಳುತ್ತವೆ. ಗೂಗಲ್‌ನ ಕ್ರಾಲರ್ ಆ ಆದೇಶಗಳನ್ನು ನಡೆಸಿ ನೋಡುತ್ತದೆ. ಆದರೆ ಓಪನ್‌ಎಐ, ಆಂಥ್ರೊಪಿಕ್ ಮೊದಲಾದವರ ಕ್ರಾಲರ್‌ಗಳು ಹಾಗೆ ಮಾಡುವುದಿಲ್ಲವೆಂದು ವರ್ಸೆಲ್ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಕಂಡುಬಂತು. ನಮಗೆ ಝಗಮಗಿಸುವ ಪುಟ ಅವಕ್ಕೆ ಬರೀ ಹಾಳೆ. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸಿದರೂ ಹೆಚ್ಚುಕಡಿಮೆ ಅದೇ ಗತಿ.

ಮೂರನೆಯ ಅಡ್ಡಿ ತಂತ್ರಜ್ಞಾನದ್ದಲ್ಲ, ಮನಸ್ಸಿನದು. "ಬೆಲೆ ತಿಳಿಯಲು ನಿಮ್ಮ ಮೊಬೈಲ್ ಸಂಖ್ಯೆ ನೀಡಿ" ಎಂಬ ಫಲಕವನ್ನು ನೀವೆಲ್ಲ ನೋಡಿದ್ದೀರಿ. ಸಂಖ್ಯೆ ಕೊಟ್ಟರೆ ಸಂಜೆಯೊಳಗೆ ಕರೆಗಳು ಬರುತ್ತವೆ, ಬೆಲೆ ಮಾತ್ರ "ಶೋರೂಮಿಗೆ ಬನ್ನಿ, ಕೂತು ಮಾತಾಡೋಣ" ಎಂಬಲ್ಲಿಗೆ ನಿಲ್ಲುತ್ತದೆ. ಯಂತ್ರದ ಬಳಿ ಮೊಬೈಲ್ ಸಂಖ್ಯೆ ಇಲ್ಲ. ಅದು ಆ ಫಲಕವನ್ನು ದಾಟದೆ ಬೇರೆ ಯಾವುದೋ ತಾಣದಲ್ಲಿ, ಬೇರೆ ಯಾವುದೋ ಊರಿನ, ಹಳೆಯ ಬೆಲೆಯನ್ನು ಓದಿಕೊಂಡು ಹೋಗುತ್ತದೆ.

ಹಳೆಯ ಬೆಲೆ ಎಷ್ಟು ಅನರ್ಥಕಾರಿ ಎಂಬುದಕ್ಕೆ 2025ರ ಸೆಪ್ಟೆಂಬರ್ ಒಳ್ಳೆಯ ನಿದರ್ಶನ. ಆ ತಿಂಗಳ 22ರಂದು ಜಿಎಸ್‌ಟಿ ದರಗಳು ಬದಲಾದವು. ನಾಲ್ಕು ಮೀಟರ್ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೂ 1,500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೂ ಶೇ 28 ತೆರಿಗೆ ಮತ್ತು ಅದರ ಮೇಲಿನ ಸೆಸ್ ಹೋಗಿ ಶೇ 18 ಬಂತು. ಅದಕ್ಕಿಂತ ದೊಡ್ಡವುಗಳಿಗೆ ಸೆಸ್ ಇಲ್ಲದ ಶೇ 40. ವಿದ್ಯುತ್ ಕಾರುಗಳಿಗೆ ಮೊದಲಿದ್ದ ಶೇ 5 ಹಾಗೆಯೇ ಉಳಿಯಿತು. ಅಂದಿನಿಂದ, ಅದಕ್ಕೆ ಹಿಂದೆ ಬರೆದ ಪೆಟ್ರೋಲ್, ಡೀಸೆಲ್ ಕಾರುಗಳ ಬೆಲೆಯ ಪುಟಗಳೆಲ್ಲ ಹುಸಿಯಾದವು. ಪುಟದಲ್ಲಿ ದಿನಾಂಕವಿದ್ದರೆ ಮನುಷ್ಯನಾಗಲಿ ಯಂತ್ರವಾಗಲಿ ಎಚ್ಚರ ವಹಿಸಬಹುದು. ದಿನಾಂಕವಿಲ್ಲದ ಬೆಲೆ ತೇದಿಯಿಲ್ಲದ ಪತ್ರದಂತೆ, ಅದನ್ನು ನಂಬಿ ಹೆಜ್ಜೆ ಇಡುವಂತಿಲ್ಲ.

ಇನ್ನು, ಬೆಲೆಯೆಂದರೆ ಯಾವ ಬೆಲೆ? ಎಕ್ಸ್-ಶೋರೂಂ ಬೆಲೆ ಜಾಹೀರಾತಿಗೆ. ಗಿರಾಕಿ ಕೊಡುವುದು ಆನ್-ರೋಡ್ ಬೆಲೆ. ಎರಡರ ನಡುವೆ ರಾಜ್ಯದ ವಾಹನ ತೆರಿಗೆ, ನೋಂದಣಿ, ವಿಮೆ, ಫಾಸ್ಟ್ಯಾಗ್ ಇವೆ. ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ ಏರಿದಂತೆ ಜೀವಾವಧಿ ತೆರಿಗೆಯ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆ ವಿಮೆಯನ್ನು ಡೀಲರ್ ಬಳಿಯೇ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಇವುಗಳ ನಡುವೆ ನುಸುಳುವ "ಹ್ಯಾಂಡ್ಲಿಂಗ್ ಚಾರ್ಜ್", ಕೇಳದೆಯೇ ಹಾಕಿಸುವ ಬಿಡಿಭಾಗಗಳು, ಹೊಳಪಿನ ಲೇಪನ ಇತ್ಯಾದಿ ಬೇರೆ. ತಿಂಗಳ ಕಂತಿಗೆ ಸಾಲ ಮಾಡಿ ಯೆಲ್ಲೋ ಬೋರ್ಡಿನ ಗಾಡಿ ಇಟ್ಟುಕೊಂಡು ಸಂಸಾರ ಸಾಗಿಸಲು ಹೊರಟ ಹುಡುಗನಿಗೆ ಈ ಮೂವತ್ತು ನಲವತ್ತು ಸಾವಿರದ ವ್ಯತ್ಯಾಸ ಸಣ್ಣದಲ್ಲ. ಮುಂಗಡ ಕಟ್ಟಿದ ಮೇಲೆ ಅದು ತಿಳಿದರೆ ಅವನು ಹಿಂದೆ ಸರಿಯಲಾರ.

ಆದುದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಒಂದೊಂದು ಮಾದರಿಗೂ ಒಂದೊಂದು ಪುಟವಿರಲಿ. ಆನ್-ರೋಡ್ ಬೆಲೆಯ ಪ್ರತಿಯೊಂದು ಬಾಬತ್ತೂ ಅಕ್ಷರಗಳಲ್ಲಿ, ಅಂಕಿಗಳಲ್ಲಿ, ದಿನಾಂಕದೊಡನೆ ಇರಲಿ. ಒಂದೊಂದು ಶಾಖೆಗೂ ವಿಳಾಸ, ದೂರವಾಣಿ, ವೇಳೆ, ಅಲ್ಲಿ ಸಿಗುವ ಸೇವೆ ಇವುಗಳನ್ನು ಹೇಳುವ ಪ್ರತ್ಯೇಕ ಪುಟವಿರಲಿ. ಸಮೂಹದ ಹೆಸರು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇರಬಾರದು. ಮಾರಾಟವಾದ ಹಳೆಯ ಕಾರು ಅಂದೇ ಪಟ್ಟಿಯಿಂದ ಇಳಿಯಲಿ. ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಆರಂಭಿಸಿದ 'ಸ್ಕೀಮಾ.ಆರ್ಗ್' ಎಂಬ ಪದಕೋಶದಲ್ಲಿ ವಾಹನ ಮಾರಾಟಗಾರ, ಕಾರು, ಬೆಲೆ, ಓಡಿದ ದೂರ ಮುಂತಾದುವನ್ನು ಯಂತ್ರಕ್ಕೆ ತಿಳಿಯುವಂತೆ ಗುರುತಿಸುವ ಸಂಕೇತಗಳಿವೆ. ಅವನ್ನೂ ಬಳಸಲಿ, ಆದರೆ ಪುಟದಲ್ಲಿ ಮನುಷ್ಯನಿಗೆ ಒಂದು ಬೆಲೆ, ಸಂಕೇತದಲ್ಲಿ ಯಂತ್ರಕ್ಕೆ ಇನ್ನೊಂದು ಬೆಲೆ ಎಂಬ ಇಬ್ಬಗೆ ಬೇಡ.

"ಬೆಲೆ ಬರೆದರೆ ಎದುರಂಗಡಿಯವನು ನೋಡಿ ಸಾವಿರ ಕಡಿಮೆ ಮಾಡುತ್ತಾನೆ" ಎಂಬುದು ವ್ಯಾಪಾರಿಗಳ ಆಕ್ಷೇಪ. ಅದು ಸುಳ್ಳಲ್ಲ. ಆದರೆ ಎದುರಂಗಡಿಯವನಿಗೆ ನಿಮ್ಮ ಬೆಲೆ ಇಂದಿಗೂ ತಿಳಿದೇ ಇರುತ್ತದೆ. ತಿಳಿಯದಿರುವುದು ಗಿರಾಕಿಗೆ ಮಾತ್ರ. ರಿಯಾಯಿತಿಯ ಮಾತುಕತೆ ಬೇಕಾದರೆ ಅಂಗಡಿಯಲ್ಲೇ ನಡೆಯಲಿ, ಅದರ ಆರಂಭದ ಅಂಕಿಯಾದರೂ ಬೆಳಕಿನಲ್ಲಿರಲಿ.

ಯಂತ್ರಗಳಿಗೆ ಪುಕ್ಕಟೆಯಾಗಿ ಏಕೆ ಓದಲು ಬಿಡಬೇಕು ಎಂದು ಕೇಳುವವರೂ ಇದ್ದಾರೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಡಿಸೆಂಬರ್‌ನಲ್ಲಿ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿದ್ದು ಈ ಪ್ರಶ್ನೆಯ ಮೇಲೆಯೇ. ಪತ್ರಿಕೆಗೆ ಬರಹವೇ ಸರಕು. ಅದನ್ನು ಕೊಂಡೊಯ್ದರೆ ಅಂಗಡಿಯೇ ಬರಿದಾಗುತ್ತದೆ. ಡೀಲರಿಗೆ ಬರಹ ಅಂಗಡಿಯ ಬೋರ್ಡು ಮಾತ್ರ, ಸರಕು ಕಾರು. ಬೋರ್ಡನ್ನು ಎಷ್ಟು ಜನ ಓದಿದರೂ ಲಾಭವೇ. ಆದರೆ ಗಿರಾಕಿಗಳು ಕೊಟ್ಟ ಆರ್‌ಸಿ ಪ್ರತಿ, ಆಧಾರ್, ಸಾಲದ ಕಾಗದಗಳು ಬೋರ್ಡಲ್ಲ. ರೋಬಾಟ್ಸ್ ಕಡತ ಒಂದು ಸೂಚನೆಯೇ ಹೊರತು ಬೀಗವಲ್ಲ. ಸಭ್ಯರು ಪಾಲಿಸುತ್ತಾರೆ, ಉಳಿದವರು ಒಳಗೆ ಬರುತ್ತಾರೆ. ಅಂಥ ಕಾಗದಗಳಿಗೆ ನಿಜವಾದ ಬೀಗವೇ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ.

ಗಾಳಿ ಬಂದಾಗ ತೂರಿಕೊಳ್ಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. "ಈ ಒಂದು ಕಡತ ಹಾಕಿಸಿ, ನಾಳೆಯಿಂದ ಎಲ್ಲ ಯಂತ್ರಗಳೂ ನಿಮ್ಮನ್ನೇ ಹೊಗಳುತ್ತವೆ" ಎಂದು ಹಣ ಕೇಳುವವರು ಈಗ ಹುಟ್ಟಿಕೊಂಡಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಜೆರೆಮಿ ಹೊವಾರ್ಡ್ ಸೂಚಿಸಿದ 'ಎಲ್‌ಎಲ್‌ಎಂಎಸ್.ಟಿಎಕ್ಸ್‌ಟಿ' ಸದುದ್ದೇಶದ ಸಲಹೆಯೇ. ಆದರೆ ತನ್ನ ಕೃತಕ ಬುದ್ಧಿಮತ್ತೆಯ ಉತ್ತರಗಳಲ್ಲಿ ಕಾಣಿಸಿಕೊಳ್ಳಲು ಅಂಥ ವಿಶೇಷ ಕಡತ ಬೇಕಿಲ್ಲವೆಂದು ಗೂಗಲ್ ತಿಳಿಸಿದೆ. ಇನ್ನೂ ಕೆಟ್ಟದ್ದು, ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಯಂತ್ರಕ್ಕೆ ಗುಟ್ಟಾಗಿ ಅಪ್ಪಣೆ ಬರೆಯುವುದು. ವಿದ್ವಾಂಸರ ಕೆಲವು ಪ್ರಬಂಧಗಳಲ್ಲೇ, ತಮ್ಮನ್ನು ಹೊಗಳಬೇಕೆಂಬ ಇಂಥ ಗುಪ್ತ ಆದೇಶಗಳು ಅಡಗಿದ್ದುದನ್ನು ಜಪಾನಿನ ನಿಕೇಯ್ ಪತ್ರಿಕೆ 2025ರ ಜುಲೈನಲ್ಲಿ ಬಯಲು ಮಾಡಿತು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನೋಟು ಮಡಚಿಟ್ಟು "ದಯವಿಟ್ಟು ಪಾಸು ಮಾಡಿ" ಎಂದು ಬರೆಯುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಕೊನೆಯದಾಗಿ ನಮ್ಮ ಭಾಷೆಯ ಮಾತು. ವಾಹನ ತೆರಿಗೆ ರಾಜ್ಯದ್ದು. ಬೆಂಗಳೂರಿನ ಆನ್-ರೋಡ್ ಬೆಲೆ ಬೇರೆ, ಗಡಿಯಾಚೆಯ ಹೊಸೂರಿನದು ಬೇರೆ. ಹಾಗಿರುವಾಗ ನಮ್ಮ ರಾಜ್ಯದ ಲೆಕ್ಕವನ್ನು ನಮ್ಮ ರಾಜ್ಯದ ಡೀಲರುಗಳು ಕನ್ನಡದಲ್ಲಿ ಬರೆಯದಿದ್ದರೆ ಇನ್ನಾರು ಬರೆಯಬೇಕು? ಕನ್ನಡದಲ್ಲಿ ಕೇಳಿದವನಿಗೆ ಯಂತ್ರ ಉತ್ತರವನ್ನು ಎಲ್ಲಿಂದಲೋ ತಂದು ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ. ಅದು ದೆಹಲಿಯ ತೆರಿಗೆಯೋ ಪುಣೆಯ ತೆರಿಗೆಯೋ, ಕೇಳಿದವನಿಗೆ ಗೊತ್ತಾಗುವುದಿಲ್ಲ. "ಈ ಕಾರಿಗೆ ಕರ್ನಾಟಕದಲ್ಲಿ ತೆರಿಗೆ ಇಷ್ಟು, ವಿಮೆ ಇಷ್ಟು, ನಮಗೆ ಇಷ್ಟು" ಎಂದು ಹತ್ತು ಸಾಲು ಕನ್ನಡದಲ್ಲಿ ಬರೆಯಲು ದೊಡ್ಡ ಖರ್ಚಿಲ್ಲ.

ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ನಿಮ್ಮ ಸಮೂಹದ ಯಾವುದಾದರೊಂದು ಕಾರಿನ ಪುಟವನ್ನು ತೆರೆದು, ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ, ಮತ್ತೊಮ್ಮೆ ತೆರೆಯಿರಿ. ಆಗ ಪರದೆಯ ಮೇಲೆ ಉಳಿಯುವುದೇ ಹೆಚ್ಚಿನ ಯಂತ್ರಗಳು ಓದುವ ಪಾಠ. ಅದರಲ್ಲಿ ಪೂರ್ತಿ ಬೆಲೆ ಇದೆಯೇ, ದಿನಾಂಕ ಇದೆಯೇ, ಕನ್ನಡ ಇದೆಯೇ ನೋಡಿ. ಇಲ್ಲದಿದ್ದರೆ ತಜ್ಞರಿಗೆ ಹಣ ಕೊಡುವ ಮೊದಲು ಅದನ್ನು ಬರೆಯಿರಿ. ಈ ವ್ಯವಹಾರದಲ್ಲಿರುವವರು ತಮ್ಮ ಅನುಭವವನ್ನೂ ಭಿನ್ನಾಭಿಪ್ರಾಯವನ್ನೂ ಸಂಕೋಚವಿಲ್ಲದೆ ಬರೆದು ತಿಳಿಸಿ.