ಗ್ರಂಥಕರ್ತನ ಹೆಗಲ ಮೇಲಿನ ಗಂಟು

ಅಭಿಪ್ರಾಯಾರ್ಥವಾಗಿ ನಮ್ಮ ಕಡೆಗೆ ಬರುತ್ತಿರುವ ಕಾದಂಬರಿಗಳ ಒಳಪುಟವನ್ನು ತಿರುವಿ ನೋಡಿದರೆ ಒಂದು ಸಂಗತಿಯು ಲಕ್ಷ್ಯಕ್ಕೆ ಬಾರದೆ ಇರದು. ಪ್ರಕಾಶಕರ ಹೆಸರಿನ ಕೆಳಗೆ ಗ್ರಂಥಕರ್ತರ ಮನೆಯ ವಿಳಾಸವೇ ಇರುತ್ತದೆ. ಪ್ರಕಾಶನದ ಹೆಸರು ಅವರ ತಾಯಿಯದೋ ಮಗಳದೋ ಕುಲದೇವತೆಯದೋ ಆಗಿರುತ್ತದೆ. ಅಂದರೆ ಬರೆದವರೇ ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದ್ದಾರೆಂದು ತಿಳಿಯಬೇಕು. ಇವರಲ್ಲಿ ಬಹುಜನರು ಶಾಲಾಮಾಸ್ತರರು, ಕಾರಕೂನರು, ನಿವೃತ್ತಿವೇತನದಲ್ಲಿ ಬಾಳುವವರು. ಮೊದಲನೆಯ ಕಾದಂಬರಿಯು ಹೀಗೆ ಹೊರಬೀಳುತ್ತದೆ. ಎರಡನೆಯದು ಬರುವದು ಅಪರೂಪ. ಯಾಕೆ ಬರುವದಿಲ್ಲವೆಂಬುದನ್ನು ವಿಚಾರಿಸುವದು ಅವಶ್ಯವಾಗಿದೆ.

ಬರೆಯುವ ಶಕ್ತಿಯೇ ಒಂದು ಪುಸ್ತಕಕ್ಕೆ ತೀರಿತೆಂದು ಹೇಳುವವರುಂಟು. ನಮಗೆ ಹಾಗೆ ತೋರುವದಿಲ್ಲ. ಅಂಥವರ ಮನೆಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದರೆ ನಿಜವಾದ ಕಾರಣವು ಕಾಣುವದು. ಮುದ್ರಣಾಲಯದಿಂದ ಬಂದ ಕಟ್ಟುಗಳು ಹುರಿಯನ್ನು ಸಹ ಬಿಚ್ಚದೆ ಅಲ್ಲಿಯೇ ಕುಳಿತಿರುತ್ತವೆ. ಸಹಕಾರಿ ಸಂಘದಲ್ಲಿ ತೆಗೆದ ಸಾಲದ ಕಂತು ಪಗಾರದಲ್ಲಿ ಪ್ರತಿ ತಿಂಗಳು ಮುರಿಯುತ್ತಿರುತ್ತದೆ. ಮನೆಯವರು ಏನೂ ಅನ್ನುವದಿಲ್ಲ. ಅನ್ನದೆ ಇರುವದೇ ಹೆಚ್ಚು ನೋಯಿಸುತ್ತದೆ. ಅಂಥ ಮನೆಯಲ್ಲಿ ಎರಡನೆಯ ಹಸ್ತಪ್ರತಿಗೆ ಲೇಖನಿಯನ್ನು ಎತ್ತುವ ಧೈರ್ಯವು ಯಾರಿಗಾದರೂ ಎಲ್ಲಿಂದ ಬರಬೇಕು?

ಪುಸ್ತಕವು ಕೆಟ್ಟದಾಗಿದ್ದರೆ ಬಿಡಿರಿ, ಮಾರದಿದ್ದುದು ನ್ಯಾಯವೇ. ಆದರೆ ಚೆನ್ನಾದ ಪುಸ್ತಕಗಳೂ ಹೀಗೆಯೇ ಗೆದ್ದಲ ಪಾಲಾಗುತ್ತಿವೆ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷದಷ್ಟು ಜನರು. ಇಷ್ಟು ಜನರ ನಾಡಿನಲ್ಲಿ ಒಂದು ಒಳ್ಳೆಯ ಕಾದಂಬರಿಗೆ ಐನೂರು ಮನೆಗಳು ಸಿಕ್ಕಲಾರವೆಂದರೆ ನಂಬುವದು ಕಷ್ಟ. ಮನೆಗಳು ಇವೆ, ಪುಸ್ತಕವು ಅವುಗಳ ಬಾಗಿಲಿಗೆ ಹೋಗಿಲ್ಲ, ಅಷ್ಟೇ. ಹೋಗಲಿಕ್ಕೆ ಅದಕ್ಕೆ ಕಾಲಿಲ್ಲ. ಒಯ್ಯಬೇಕಾದವರಿಗೆ ನಾಚಿಕೆ.

ಈ ನಾಚಿಕೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. "ನಾನು ಸಾಹಿತಿ, ವ್ಯಾಪಾರಿಯಲ್ಲ, ಸರಸ್ವತಿಯನ್ನು ಸಂತೆಯಲ್ಲಿ ಕೂಡಿಸಲಾರೆ" ಎಂಬ ಮಾತು ಕೇಳಲಿಕ್ಕೆ ಬಲು ಉದಾತ್ತವಾಗಿದೆ. ಆದರೆ ಹಣ ಕೊಟ್ಟು ಕಾಗದ ಕೊಂಡ ದಿನವೇ, ಮುಖಪುಟದ ಹಿಂದೆ ಬೆಲೆಯನ್ನು ಛಾಪಿಸಿದ ದಿನವೇ, ಆತನು ವ್ಯಾಪಾರಕ್ಕೆ ಕೈಹಾಕಿಯಾಯಿತು. ಇನ್ನು ಉಳಿದಿರುವ ಪ್ರಶ್ನೆ ಅದನ್ನು ಚೆನ್ನಾಗಿ ಮಾಡುವನೋ ಕೆಟ್ಟದಾಗಿ ಮಾಡುವನೋ ಎಂಬುದು ಮಾತ್ರ.

ನಮ್ಮ ಕಾದಂಬರಿಯ ಪಿತಾಮಹನೆಂದು ನಾಡು ಕರೆದಿರುವ ಗಳಗನಾಥರ ಚರಿತ್ರೆಯನ್ನು ಈ ಮಹನೀಯರು ಮರೆತಂತೆ ಕಾಣುತ್ತದೆ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜವಾದ ಹೆಸರು. 1869ರಲ್ಲಿ ವರದಾ-ತುಂಗಭದ್ರೆಗಳ ಸಂಗಮದ ಗಳಗನಾಥದಲ್ಲಿ ಹುಟ್ಟಿ, ಶಾಲಾಮಾಸ್ತರಿಕೆಯನ್ನು ಮಾಡಿ, 1942ರಲ್ಲಿ ತೀರಿಕೊಂಡರು. ಓದುವವರೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದ ಕಾಲವದು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯ ಮೂಲಕ ಅವರು ಕಾದಂಬರಿಯನ್ನು ತಿಂಗಳು ತಿಂಗಳು ಮನೆಗೆ ಮುಟ್ಟಿಸಿದರು. 'ಮಾಧವ ಕರುಣಾವಿಲಾಸ'ವನ್ನು ಬರೆದ ಆ ಕೈಯೇ ಪುಸ್ತಕದ ಗಂಟನ್ನು ಕಟ್ಟಿತು, ಆ ಹೆಗಲೇ ಅದನ್ನು ಹೊತ್ತು ಊರಿಂದೂರಿಗೆ ನಡೆಯಿತು. ಅವರ ಜಗುಲಿಯಲ್ಲಿ ಇವರ ಪಡಸಾಲೆಯಲ್ಲಿ ಕುಳಿತು ಕಥೆಯ ಸ್ವಾರಸ್ಯವನ್ನು ಹೇಳಿ, ಪ್ರತಿಯನ್ನು ಕೊಟ್ಟು, ಕಿಮ್ಮತ್ತನ್ನು ಇಸಿದುಕೊಂಡು ಮುಂದಿನ ಊರಿಗೆ ಹೋದರು. ಅವರ ಸರಸ್ವತಿಗೆ ಇದರಿಂದ ಏನು ಕುಂದುಂಟಾಯಿತು? ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮರಾಠಿಯ ಓದು ನಡೆದಿದ್ದ ಕಾಲಕ್ಕೆ ಕನ್ನಡ ಪುಸ್ತಕವು ಒಳಗೆ ಕಾಲಿಟ್ಟುದು ಆ ಗಂಟಿನಿಂದಲೇ. ಮುಂದೆ ಜಿ. ಪಿ. ರಾಜರತ್ನಂ ಅವರೂ ತಮ್ಮ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಮಾರಿದರು. 1933ರಲ್ಲಿ ಧಾರವಾಡದ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ನೆಚ್ಚಿದ್ದು ಅಂಗಡಿಗಳನ್ನಲ್ಲ, ಮೊದಲೇ ವರ್ಗಣಿ ಕೊಡುವ ಓದುಗರನ್ನು.

ಹೊರಗಿನ ದೃಷ್ಟಾಂತವು ಬೇಕಾದವರಿಗೆ ಅದಕ್ಕೂ ಕೊರತೆಯಿಲ್ಲ. ಇಂಗ್ಲಂಡದ ಜೇನ್ ಆಸ್ಟಿನ್ನಳ ಮೊದಲನೆಯ ಕಾದಂಬರಿಯು 1811ರಲ್ಲಿ ಹೊರಬಂದುದು ಆಕೆಯ ಸ್ವಂತ ಹೊಣೆಯ ಮೇಲೆ. ನಷ್ಟವಾದರೆ ತುಂಬಬೇಕೆಂದು ಆಕೆ ತನ್ನ ಅಲ್ಪ ಆದಾಯದಲ್ಲಿ ಹಣ ತೆಗೆದಿಟ್ಟಿದ್ದಳಂತೆ. ಎರಡು ವರ್ಷದೊಳಗೆ ಆ ಮುದ್ರಣವು ಮಾರಿ ಹೋಗಿ 140 ಪೌಂಡು ಉಳಿಯಿತು. ಫ್ರಾನ್ಸಿನ ಪ್ರೂಸ್ತ್ ತನ್ನ ಮಹಾಕೃತಿಯ ಮೊದಲ ಭಾಗವನ್ನು 1913ರಲ್ಲಿ ಕೈಯಿಂದ ಹಣ ಕೊಟ್ಟೇ ಅಚ್ಚು ಹಾಕಿಸಿದನು. ನಮ್ಮ ಮೈಸೂರಿನಲ್ಲಿಯೇ ಇದ್ದು ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರು 1942ರಲ್ಲಿ, ಯುದ್ಧದಿಂದ ವಿಲಾಯತಿಯ ಪ್ರಕಾಶಕರ ಸಂಬಂಧವು ಕಡಿದ ಕಾಲಕ್ಕೆ, ಸ್ವಂತ ಪ್ರಕಾಶನವನ್ನು ಕಟ್ಟಿಕೊಂಡರು.

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕವೆಂದರೆ ಸಾಹಿತಿಗಳು ಮುಖ ತಿರುಗಿಸುವರೆಂಬುದು ನಮಗೆ ಗೊತ್ತಿದೆ. ಆದರೆ ಮಾಸ್ತರರಾದ ವಾಚಕರು ತಿರುಗಿಸಲಾರರೆಂದು ನಂಬಿದ್ದೇವೆ. ಡೆಮಿ ಅಷ್ಟಪತ್ರದ 192 ಪುಟಗಳ ಒಂದು ಕಾದಂಬರಿ ಎಂದರೆ 16 ಪುಟಗಳ 12 ಫಾರ್ಮುಗಳು. ಮಾತಿಗಾಗಿ, 300 ಪ್ರತಿಗೆ ಅಕ್ಷರಜೋಡಣೆ, ಕರಡು, ಮುಖಪುಟ, ಕಾಗದ, ಮುದ್ರಣ, ಕಟ್ಟುವಿಕೆ ಎಲ್ಲ ಕೂಡಿ 30,000 ರೂಪಾಯಿ ತಗಲಿತೆನ್ನಿರಿ, ಪ್ರತಿಯೊಂದಕ್ಕೆ ನೂರಾಯಿತು. ಬೆಲೆಯನ್ನು 200 ಎಂದು ಇಟ್ಟರು. ಅಂಗಡಿಯವರಿಗೆ ನೂರಕ್ಕೆ 40ರಂತೆ ವಟಾವು ಬಿಟ್ಟರೆ ಕೈಗೆ ಬರುವದು 120. ಐವತ್ತು ಪ್ರತಿಗಳು ಬಂಧುಗಳಿಗೆ, ಮುನ್ನುಡಿ ಬರೆದವರಿಗೆ, ವಿಮರ್ಶಕರಿಗೆ, ಸಭೆಯಲ್ಲಿ ಮಾಲೆ ಹಾಕಿಸಿಕೊಂಡವರಿಗೆ 'ಗೌರವ ಪ್ರತಿ' ಎಂದು ಹೋದವು. ಉಳಿದ 250 ಪ್ರತಿಗಳೂ ಅಂಗಡಿಯಲ್ಲಿ ಖರ್ಚಾದರೆ 30,000 ಬಂತು. ಹಾಕಿದ್ದು ಬಂತೆಂದು ಸಂತೋಷಪಡಬೇಕು. ಸಾಗಣೆಯ ವೆಚ್ಚವನ್ನು ಕೇಳಬಾರದು. ಅದೇ 250ರಲ್ಲಿ 100 ಪ್ರತಿಗಳನ್ನು ಗ್ರಂಥಕರ್ತನು ಬೆಲೆಯಲ್ಲಿ ನೂರಕ್ಕೆ ಹತ್ತು ಬಿಟ್ಟು ತಾನೇ ಓದುಗರ ಕೈಗೆ ಕೊಟ್ಟರೆ 18,000, ಅಂಗಡಿಯ 150ಕ್ಕೆ 18,000, ಒಟ್ಟು 36,000. ಎರಡನೆಯ ಕಾದಂಬರಿಯ ಬೀಜವು ಇರುವದು ಈ ಆರು ಸಾವಿರದಲ್ಲಿ.

ಆದರೆ ಮುದ್ರಕನು ಬೇರೊಂದು ಮಾತನ್ನು ಹೇಳುವನು. "ಮುನ್ನೂರು ಯಾಕೆ ಸ್ವಾಮಿ, ಸಾವಿರ ಹಾಕಿಸಿರಿ, ಪ್ರತಿಗೆ ಅರವತ್ತೇ ಬೀಳುತ್ತದೆ." ಆತನು ಸುಳ್ಳು ಹೇಳುತ್ತಿಲ್ಲ. ಆಫ್‌ಸೆಟ್ ಯಂತ್ರದ ಪ್ಲೇಟಿಗೂ ಹೊಂದಿಕೆಗೂ ಆಗುವ ವೆಚ್ಚವು ನೂರು ಹಾಕಿಸಿದರೂ ಅಷ್ಟೇ, ಸಾವಿರ ಹಾಕಿಸಿದರೂ ಅಷ್ಟೇ. ಸಂಖ್ಯೆ ಹೆಚ್ಚಿದಂತೆ ತಲೆಗೆ ಬೀಳುವ ಪಾಲು ಕಡಿಮೆಯಾಗುವದು. ಆದರೆ ಕೊಡಬೇಕಾದ ಹಣ 60,000. ಹೋಗುವವು ಆ ಮೊದಲಿನ ಮುನ್ನೂರೇ ಆದರೆ ಹುಟ್ಟುವಳಿ ಹೆಚ್ಚೆಂದರೆ 36,000. ನಷ್ಟ 24,000, ಮೇಲೆ ಏಳುನೂರು ಪ್ರತಿಗಳು ಮಂಚದ ಕೆಳಗೆ. ಈಗ ಡಿಜಿಟಲ್ ಯಂತ್ರದಲ್ಲಿ ನೂರು, ಐವತ್ತು, ಬೇಡಿಕೆ ಬಂದಂತೆ ಒಂದು ಪ್ರತಿಯನ್ನು ಸಹ ತೆಗೆಯಬಹುದಾಗಿದೆ. ಪ್ರತಿಯೊಂದಕ್ಕೆ ದರ ಹೆಚ್ಚು, ನಿಜ. ಆದರೂ ಮೊದಲನೆಯ ಕಾದಂಬರಿಗೆ ಅಗ್ಗದ ಸಾವಿರಕ್ಕಿಂತ ತುಟ್ಟಿಯ ಮುನ್ನೂರೇ ಮೇಲೆಂದು ನಾವು ಬಲವಾಗಿ ಹೇಳುತ್ತೇವೆ.

ಉಳಿಸಬಾರದ ವೆಚ್ಚ ಒಂದಿದೆ. ಅದು ಕರಡು ತಿದ್ದುವವನ ಕೂಲಿ. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವದಿಲ್ಲ. ಕಾಗದದ ಮೇಲೆ ಇರುವದನ್ನು ಬಿಟ್ಟು ಮನಸ್ಸಿನಲ್ಲಿರುವದನ್ನೇ ಅದು ಓದುತ್ತದೆ. ಅದರ ಮೇಲೆ ನುಡಿಯಲ್ಲಿ ಟಂಕಿಸಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳು ಒಂದೆಡೆ, ಅರ್ಕಾವತ್ತುಗಳು ಇನ್ನೊಂದೆಡೆ ಚೆದರಿ ಕೂಡುತ್ತವೆ. ಮೊದಲ ಪುಟದಲ್ಲಿಯೇ ಮೂರು ಅಚ್ಚಿನ ತಪ್ಪುಗಳನ್ನು ಕಂಡ ಮಾಸ್ತರನು ಆ ಪುಸ್ತಕವನ್ನು ಇನ್ನೊಬ್ಬ ಮಾಸ್ತರನಿಗೆ ಹೇಳುವನೆ?

ಮಾರುವ ರೀತಿಯಲ್ಲಿ ಈಗಿನವರು ನಂಬಿಕೊಂಡಿರುವವು ಎರಡು: ಒಂದು ಬಿಡುಗಡೆಯ ಸಮಾರಂಭ, ಇನ್ನೊಂದು ಸರ್ಕಾರದ ಗ್ರಂಥಾಲಯದ ಖರೀದಿ. ಸಮಾರಂಭದಲ್ಲಿ ಹೊಗಳಿಕೆ ನಡೆಯುತ್ತದೆ, ಉಪ್ಪಿಟ್ಟು-ಕೇಸರಿಬಾತು ನಡೆಯುತ್ತದೆ. ಬಾಗಿಲ ಹತ್ತಿರದ ಮೇಜಿನ ಮುಂದೆ ಮಾತ್ರ ಜನರು ಬಿರುಸಾಗಿ ನಡೆಯುತ್ತಾರೆ. ಗ್ರಂಥಾಲಯದ ಖರೀದಿಯು ಬಂದರೆ ಒಳ್ಳೆಯದೇ. ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಕೊಡುವದು ಅದಕ್ಕಾಗಿಯೇ. ಆದರೆ ಆಯ್ಕೆಯು ನಮ್ಮ ಕೈಯಲ್ಲಿಲ್ಲ, ಹಣವು ಬರುವ ಕಾಲವೂ ನಮ್ಮ ಕೈಯಲ್ಲಿಲ್ಲ. ಅದನ್ನು ಮಳೆಯಂತೆ ಎಣಿಸಬೇಕೇ ಹೊರತು ಬಾವಿಯಂತೆ ಎಣಿಸಬಾರದು.

ನಮಗೆ ಸರಿಯಾಗಿ ತೋರುವ ಮಾರ್ಗವು ಹಳೆಯ ವರ್ಗಣಿಯದೇ. ಅಚ್ಚಿಗೆ ಕೊಡುವ ಮೊದಲು ತನ್ನ ಪರಿಚಯದ ನೂರು ಜನರಿಗೆ ಪತ್ರ ಬರೆದು, ಪ್ರಕಟಣಪೂರ್ವ ಬೆಲೆಗೆ ಹಣ ಕೂಡಿಸಬೇಕು. ಈಗ ವಾಟ್ಸಾಪಿನಲ್ಲಿ ಒಂದು ಕ್ಷಣದಲ್ಲಿ ಪತ್ರವು ಹೋಗುತ್ತದೆ, ಮೊಬೈಲಿನಿಂದಲೇ ಹಣವು ಬರುತ್ತದೆ. ಗಳಗನಾಥರು ಹಗಲಿಡೀ ನಡೆದು ಮಾಡಿದ್ದನ್ನು ಕುಳಿತಲ್ಲಿ ಮಾಡಬಹುದು. ಆದರೆ ಗುಂಪಿಗೆ ಒಂದೇ ಮಾತನ್ನು ಎಸೆದರೆ ಯಾರೂ ಎತ್ತಿಕೊಳ್ಳುವದಿಲ್ಲ. ಒಬ್ಬೊಬ್ಬರಿಗೆ ಹೆಸರು ಹಿಡಿದು ಬರೆಯಬೇಕು. ಕಥೆಯು ಯಾವ ಊರಿನದು, ಯಾರ ಬಾಳಿನದು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಲು ಕಲಿಯಬೇಕು. ಮುನ್ನೂರು ಪುಟ ಬರೆದವರಿಗೆ ಈ ಎರಡು ವಾಕ್ಯಗಳೇ ಅತ್ಯಂತ ಕಠಿಣವಾಗಿರುತ್ತವೆ. ಕಥೆಯು ನೇಕಾರರ ಓಣಿಯದಾದರೆ ಮೊದಲ ಪ್ರತಿಯು ಆ ಓಣಿಗೆ ಹೋಗಬೇಕು, ಮಲೆನಾಡಿನ ಅಡಿಕೆ ತೋಟದ್ದಾದರೆ ಆ ಸೀಮೆಯ ಸಂತೆಪೇಟೆಗೆ. ಅಂಗಡಿಗೆ ಉದ್ರಿಯ ಮೇಲೆ ಕೊಟ್ಟ ಪ್ರತಿಗಳಿಗೆ ಚೀಟಿ ಬರೆಸಿಕೊಂಡು, ಮೂರು ತಿಂಗಳಿಗೊಮ್ಮೆ ತಾನೇ ಹೋಗಿ ಲೆಕ್ಕ ಕೇಳಬೇಕು. ಕೇಳಲು ಸಂಕೋಚಪಡುವವನ ಪುಸ್ತಕವು ಹಿಂದಿನ ಕಪಾಟಿಗೆ ಸರಿಯುವದು ಸ್ವಾಭಾವಿಕ.

ಟಪಾಲಿನ ಮಾತು. 2024ರ ಕೊನೆಗೆ ನೋಂದಾಯಿತ ಬುಕ್‌ಪೋಸ್ಟು ನಿಂತಾಗ ಸಣ್ಣ ಪ್ರಕಾಶಕರಿಗೆ ದೊಡ್ಡ ಪೆಟ್ಟು ಬಿದ್ದಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬುದು ಹೊರಟಿತು. ಆಗ ಗೊತ್ತುಪಡಿಸಿದ ದರವು 300 ಗ್ರಾಮಿನ ವರೆಗೆ 20 ರೂಪಾಯಿ, 5 ಕಿಲೋಗ್ರಾಮಿನ ವರೆಗೆ 100 ರೂಪಾಯಿ, ಕರ ಬೇರೆ. ಮೇಲೆ ಹೇಳಿದ 192 ಪುಟಗಳ ಪುಸ್ತಕವು 70 ಜಿ.ಎಸ್.ಎಂ. ಕಾಗದದ ಮೇಲಿದ್ದರೆ ಹೊದಿಕೆಯ ಸಹಿತ 300 ಗ್ರಾಮಿನೊಳಗೇ ಕೂಡುವದು. ಪುಟಗಳನ್ನು ಬೆಳೆಸುವ ಮೊದಲು ಇದನ್ನು ಲಕ್ಷ್ಯದಲ್ಲಿಟ್ಟರೆ ಕಥೆಗೂ ಹಿತವಾದೀತು.

ಈ ವರೆಗೆ ಗ್ರಂಥಕರ್ತರಿಗೆ ಹೇಳಿದೆವು. ಓದುಗರಾದ ನಮಗೂ ಒಂದು ಮಾತನ್ನು ಹೇಳಿಕೊಳ್ಳಬೇಕು. ಗೆಳೆಯನು ಕಿರಾಣಿ ಅಂಗಡಿಯನ್ನಿಟ್ಟರೆ ನಾವು ಬೆಲ್ಲವನ್ನು ಪುಕ್ಕಟೆ ಕೇಳುವದಿಲ್ಲ, ಕಾದಂಬರಿಯನ್ನು ಬರೆದರೆ ಮಾತ್ರ "ನನಗೊಂದು ಪ್ರತಿ ಇಲ್ಲವೆ?" ಎಂದು ಸಲಿಗೆಯಿಂದ ಕೇಳುತ್ತೇವೆ. ಆ ಒಂದು ಪ್ರತಿಯೆಂದರೆ ಆತನಿಗೆ ನೂರು ರೂಪಾಯಿ. ಹೀಗೆ ಪಡೆದ ಪ್ರತಿಯನ್ನು ಓದುವವರು ಎಷ್ಟು ಮಂದಿಯೆಂಬುದು ಹಳೆಯ ಪುಸ್ತಕದಂಗಡಿಗಳಲ್ಲಿ, ಗ್ರಂಥಕರ್ತನ ಸಹಿಯೊಂದಿಗೆ, ಕಾಣಸಿಗುತ್ತದೆ.

ಇನ್ನೊಂದು ಅಡಚಣೆಯನ್ನು ಹೇಳದೆ ಬಿಡಲಾಗದು. ಗಳಗನಾಥರ ಕಾಲಕ್ಕೆ ಧಾರವಾಡವು ಮುಂಬಯಿಗೆ, ಮಂಗಳೂರು ಮದ್ರಾಸಿಗೆ, ರಾಯಚೂರು ನಿಜಾಮರಿಗೆ ಸೇರಿ ಹರಿದು ಹಂಚಿಹೋಗಿದ್ದವು. 1956ರ ನವೆಂಬರ 1ರಂದು ನಾಡು ಒಂದಾಯಿತು. ಪುಸ್ತಕದ ಪೇಟೆಯು ಮಾತ್ರ ಇನ್ನೂ ಒಂದಾಗಲಿಲ್ಲ. ಹುಬ್ಬಳ್ಳಿಯಲ್ಲಿ ಅಚ್ಚಾದ ಹೊಸಬನ ಕಾದಂಬರಿಯನ್ನು ಕೋಲಾರದಲ್ಲಿ ಕೇಳಿರಿ, ಉಡುಪಿಯದನ್ನು ಬೀದರಿನಲ್ಲಿ ಕೇಳಿರಿ, ಹೆಸರನ್ನು ಸಹ ಅರಿಯರು. ಬೆಂಗಳೂರಿನ ಅಂಗಡಿಯ ಮೂಲಕ ಹಾದು ಬಂದರೆ ಮಾತ್ರ ಒಂದು ಸೀಮೆಯ ಪುಸ್ತಕವು ಇನ್ನೊಂದು ಸೀಮೆಯನ್ನು ಕಾಣುವಂತಾಗಿದೆ. ಇದಕ್ಕೆ ಸ್ವಪ್ರಕಾಶಕರೇ ತಮ್ಮೊಳಗೆ ಉಪಾಯ ಮಾಡಬಹುದು. ಹುಬ್ಬಳ್ಳಿಯವರು ಉಡುಪಿಯವರ ಇಪ್ಪತ್ತು ಪ್ರತಿಗಳನ್ನು ತಮ್ಮ ಊರಲ್ಲಿ ಮಾರಿಕೊಡಲಿ, ಉಡುಪಿಯವರು ಹುಬ್ಬಳ್ಳಿಯವರ ಇಪ್ಪತ್ತನ್ನು. ತನ್ನ ಪುಸ್ತಕವನ್ನು ಹೊಗಳಲು ನಾಚುವವನಿಗೆ ಇನ್ನೊಬ್ಬರದನ್ನು ಹೊಗಳಲು ನಾಚಿಕೆಯಿಲ್ಲವಷ್ಟೆ.

ಕೊನೆಗೆ, ಸ್ವತಃ ಪ್ರಕಾಶಕರಾಗುವವರು ಎರಡು ಕೆಲಸಗಳನ್ನು ಮರೆಯಬಾರದು. ಐ.ಎಸ್.ಬಿ.ಎನ್. ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆಯು ಪುಕ್ಕಟೆಯಾಗಿ ಕೊಡುತ್ತದೆ. ಅದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ. 1954ರ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದಿಲ್ಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಸ್ವಂತ ಖರ್ಚಿನಿಂದ ಕಳಿಸಬೇಕು. ಗೌರವ ಪ್ರತಿಗಳ ಯಾದಿಯನ್ನು ಬರೆಯುವಾಗ ಮೊದಲ ನಾಲ್ಕು ಹೆಸರು ಇವಾಗಿರಲಿ. ಭಾವಮೈದುನರ ಹೆಸರು ಆಮೇಲೆ.