ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಭಾನುವಾರ ರಾತ್ರಿ ಎಂಟು ಗಂಟೆ. ಕಾಡುಗೋಡಿ ಹತ್ತಿರದ ನಮ್ಮ ಫ್ಲ್ಯಾಟಿನ ಬಾಲ್ಕನಿ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕಿವಿ ತುಂಬಾ ಯುರೋಪಿನವರ ಗಲಾಟೆ, ಟೇಬಲ್ ಮೇಲೆ ಆರಿಹೋದ ಕಾಫಿ. ಆಗ ಪಕ್ಕದಲ್ಲಿದ್ದ ಫೋನ್ ಬೆಳಗಿತು. ನಮ್ಮ ಹ್ಯಾಮ್ ಗೆಳೆಯರ ವಾಟ್ಸಾಪ್ ಗ್ರೂಪಿನ ಮೆಸೇಜು. ಒಂದು ಕೆರಿಬಿಯನ್ ದ್ವೀಪದ ಕಾಲ್‌ಸೈನ್, ಮುಂದೆ ಫ್ರೀಕ್ವೆನ್ಸಿ, ಕೊನೆಗೆ "ಬೇಗ ಹಿಡೀರಿ, ಚೆನ್ನಾಗಿ ಕೇಳಿಸ್ತಿದೆ!" ಕೈ ತಾನಾಗಿಯೇ ಡಯಲ್ ತಿರುಗಿಸಿತು. ಮೂರನೇ ಸಲ ಕರೆದಾಗ ಆ ಕಡೆಯಿಂದ ಉತ್ತರ ಬಂತು.

ಇಪ್ಪತ್ತು ಸೆಕೆಂಡಿನ ಕೆಲಸ. ಅದಕ್ಕೆ ಐದು ದಿನ ತಲೆ ಕೆಡಿಸಿಕೊಂಡೆ ಅಂದ್ರೆ ನಂಬ್ತೀರಾ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ನಡೆಸೋಕೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ರಾಜೀವ್ ಗಾಂಧಿಯವರ ಹತ್ತಿರವೂ ಇದು ಇತ್ತು, ಅವರ ಕಾಲ್‌ಸೈನ್ ವಿಯು2ಆರ್‌ಜಿ. ನನ್ನದು ವಿಯು3 ಸರಣಿಯ ರಿಸ್ಟ್ರಿಕ್ಟೆಡ್ ಗ್ರೇಡ್, 50 ವ್ಯಾಟ್‌ಗಿಂತ ಹೆಚ್ಚು ಶಕ್ತಿ ಬಳಸುವಂತಿಲ್ಲ. ಜನರಲ್ ಗ್ರೇಡ್‌ನವರಿಗೆ ಶಾರ್ಟ್‌ವೇವ್‌ನಲ್ಲಿ 400 ವ್ಯಾಟ್‌ವರೆಗೆ ಅವಕಾಶ.

ಹ್ಯಾಮ್‌ಗಳ ದೊಡ್ಡ ಜಾತ್ರೆ ಅಂದ್ರೆ ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆ. ಅಕ್ಟೋಬರ್‌ನ ಕೊನೆಯ ಪೂರ್ಣ ವಾರಾಂತ್ಯ ಮಾತಿನಲ್ಲಿ, ನವೆಂಬರ್‌ನಲ್ಲಿ ಮೋರ್ಸ್ ಕೋಡ್‌ನಲ್ಲಿ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ ಐದೂವರೆಗೆ ಶುರುವಾದರೆ ಸೋಮವಾರ ಬೆಳಗ್ಗೆ ಐದೂವರೆಗೆ ಮುಗಿಯುತ್ತೆ. 48 ಗಂಟೆ. ಆಮೇಲೆ ಹತ್ತಕ್ಕೆ ಆಫೀಸಿನ ಸ್ಟ್ಯಾಂಡ್‌ಅಪ್ ಮೀಟಿಂಗ್, ಅದು ಬೇರೆ ಕಥೆ. ಪ್ರಪಂಚವನ್ನು 40 ವಲಯಗಳಾಗಿ ಹಂಚಿದ್ದಾರೆ, ಬೆಂಗಳೂರು ಇರೋದು 22ರಲ್ಲಿ. ಸಿಕ್ಕಿದವರಿಗೆ "ಫೈವ್ ನೈನ್, ಟ್ವೆಂಟಿಟೂ" ಅನ್ನಬೇಕು, ಅವರು ತಮ್ಮ ವಲಯದ ಸಂಖ್ಯೆ ಹೇಳ್ತಾರೆ. ಬರೆದುಕೊಂಡು ಮುಂದೆ ಹೋಗೋದು.

ಬೇರೆ ಖಂಡದವರು ಸಿಕ್ಕರೆ ಮೂರು ಅಂಕ. ಪ್ರತಿ ಬ್ಯಾಂಡಿನಲ್ಲೂ ಹೊಸ ದೇಶ, ಹೊಸ ವಲಯ ಸಿಕ್ಕಾಗ ಒಂದೊಂದು ಮಲ್ಟಿಪ್ಲೈಯರ್. ಕೊನೆಗೆ ಅಂಕಗಳನ್ನು ಮಲ್ಟಿಪ್ಲೈಯರ್‌ಗಳಿಂದ ಗುಣಿಸೋದು. ನನ್ನ ಹತ್ತಿರ ಆ ಹೊತ್ತಿಗೆ 480 ಅಂಕ, 84 ಮಲ್ಟಿಪ್ಲೈಯರ್ ಇತ್ತು, ಅಂದರೆ 40,320. ಆ ದ್ವೀಪ ನನಗೆ ಮೂರು ಅಂಕದ ಜೊತೆ ಹೊಸ ದೇಶ, ಹೊಸ ವಲಯ ಎರಡನ್ನೂ ಕೊಟ್ಟಿತು. 483ನ್ನು 86ರಿಂದ ಗುಣಿಸಿ: 41,538. ಒಂದೇ ಸಂಪರ್ಕಕ್ಕೆ 1,218 ಅಂಕ!

ಈಗ ತೊಂದರೆ ಎಲ್ಲಿ ಬಂತು ನೋಡಿ. ಈ ಆಟ ಎಲ್ಲರಿಗೂ ಒಂದೇ ಥರ ಇರೋಕೆ ಸಾಧ್ಯವಿಲ್ಲ. ಯಾರೋ ಒಬ್ಬರದು ಹತ್ತಾರು ಎಕರೆ ಫಾರ್ಮ್, ಎತ್ತರದ ಟವರು. ನನ್ನದು ಟೆರೇಸಿನ ನೀರಿನ ಟ್ಯಾಂಕಿನಿಂದ ಪ್ಯಾರಪೆಟ್‌ಗೆ ಎಳೆದ ಒಂದು ತಂತಿ, ಅದಕ್ಕೂ ಅಸೋಸಿಯೇಷನ್‌ನವರ ಹತ್ತಿರ "ಸಿಡಿಲು ಬಡಿಯಲ್ಲ ಸಾರ್" ಅಂತ ಆಣೆ ಮಾಡಬೇಕಾಯ್ತು. ಲಿಫ್ಟು, ಎಲ್‌ಇಡಿ ಬಲ್ಬು, ಇನ್ವರ್ಟರು, ಚಾರ್ಜರು ಎಲ್ಲವೂ ಸೇರಿ ರೇಡಿಯೋದಲ್ಲಿ ಜೇನುಗೂಡಿನ ಸದ್ದು. ಅದಕ್ಕೇ ಕೆಟಗರಿಗಳು. 5 ವ್ಯಾಟ್‌ನವರು ಬೇರೆ, 100ರವರೆಗಿನ ಲೋ ಪವರ್ ಬೇರೆ, 1,500ರವರೆಗಿನ ಹೈ ಪವರ್ ಬೇರೆ. ಒಬ್ಬರೇ ಕೂತವರು ಬೇರೆ, ತಂಡ ಬೇರೆ. ಒಬ್ಬರೇ ಕೂತವರಲ್ಲೂ ಎರಡು ಪಂಗಡ. ಯಾರ ಸಹಾಯವೂ ಇಲ್ಲದೆ ಹುಡುಕಿದವರು ಒಂದು ಕಡೆ. "ಇಂಥವರು ಇಂಥ ಫ್ರೀಕ್ವೆನ್ಸಿಯಲ್ಲಿದ್ದಾರೆ" ಅಂತ ಬೇರೆ ಕಡೆಯಿಂದ ತಿಳಿದುಕೊಂಡವರು ಇನ್ನೊಂದು ಕಡೆ, ಅವರಿಗೆ ಅಸಿಸ್ಟೆಡ್ ಅಂತಾರೆ. ಮಾಹಿತಿ ಇಂಟರ್ನೆಟ್ಟಿನ ಕ್ಲಸ್ಟರ್‌ನಿಂದ ಬಂದರೂ ಅಷ್ಟೇ, ಗೆಳೆಯನ ಮೆಸೇಜಿನಿಂದ ಬಂದರೂ ಅಷ್ಟೇ.

ನಾನು ಸಹಾಯ ಇಲ್ಲದೆ ಆಡೋಣ ಅಂತ ಕೂತವನು. ಮೆಸೇಜ್ ನಾನು ಕೇಳಿರಲಿಲ್ಲ. ಆದ್ರೆ ಡಯಲ್ ತಿರುಗಿಸಿದ್ದು ನಾನೇ ತಾನೆ?

ಲಾಗ್ ಕಳಿಸೋಕೆ ಐದು ದಿನ ಟೈಮಿತ್ತು. ಎಲ್ಲರ ಲಾಗ್‌ಗಳನ್ನೂ ಸಾಫ್ಟ್‌ವೇರ್ ಒಂದಕ್ಕೊಂದು ತಾಳೆ ನೋಡುತ್ತೆ. ಕಾಲ್‌ಸೈನ್ ತಪ್ಪು ಬರೆದಿದ್ದರೆ ಆ ಅಂಕ ಹೋಗೋದಲ್ಲದೆ ಮೇಲೆ ದಂಡ. ಸ್ಪರ್ಧೆ ಮುಗಿದ ಮೇಲೆ ರೆಕಾರ್ಡಿಂಗ್ ಕೇಳಿಯೋ ಡೇಟಾಬೇಸ್ ನೋಡಿಯೋ ತಿದ್ದುವಂತಿಲ್ಲ. ಲಾಗ್‌ಗಳನ್ನು ಎಲ್ಲರೂ ನೋಡೋ ಹಾಗೆ ಪ್ರಕಟಿಸ್ತಾರೆ. ಕದ್ದು ಕ್ಲಸ್ಟರ್ ನೋಡಿದವರು ಕೂಡ ಸಿಕ್ಕಿಬೀಳಬಹುದು, ಯಾಕಂದ್ರೆ ಕ್ಲಸ್ಟರ್‌ನಲ್ಲಿ ಯಾವಾಗ ಏನು ಬಂತು ಅನ್ನೋದು ದಾಖಲಾಗಿರುತ್ತೆ. ನಮ್ಮ ವಾಟ್ಸಾಪ್ ಗ್ರೂಪ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಸಿಕ್ಕಿಬೀಳೋ ಭಯ ಇದ್ದಿದ್ರೆ ಇಷ್ಟು ಯೋಚನೆ ಮಾಡ್ತಾನೇ ಇರಲಿಲ್ಲವೇನೋ.

"ಆ ಒಂದು ಸಾಲು ಡಿಲೀಟ್ ಮಾಡಿಬಿಡಿ, ಮುಗೀತಲ್ಲ" ಅಂದಳು ಹೆಂಡತಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್ ಕೆಲಸ ಅವಳದು, ಸಮಸ್ಯೆ ಬೇಗ ಮುಚ್ಚಬೇಕು. ಆದರೆ ನಾನು ಅಳಿಸಿದರೆ ಆ ದ್ವೀಪದವನ ಲಾಗ್‌ನಲ್ಲಿ ನಾನಿರ್ತೀನಿ, ನನ್ನ ಲಾಗ್‌ನಲ್ಲಿ ಅವನಿರಲ್ಲ. ಸುಳ್ಳು ಸಂಪರ್ಕ ಅಂತ ದಂಡ ಬೀಳೋದು ಅವನಿಗೆ! ಅಳಿಸದೆ ಆ ಸಾಲಿಗೆ 'ಎಕ್ಸ್' ಗುರುತು ಹಾಕೋ ವ್ಯವಸ್ಥೆಯೂ ಇದೆ. ಆಗ ಅವನ ಅಂಕ ಅವನಿಗೆ, ನನಗೆ ಸೊನ್ನೆ. ಆದ್ರೂ ಸಹಾಯ ಪಡೆದಿದ್ದು ಪಡೆದಿದ್ದೇ ಅಲ್ವಾ?

ತಿಪಟೂರಿನಿಂದ ಬಂದಿದ್ದ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು, "ಗೆದ್ರೆ ಎಷ್ಟು ಕೊಡ್ತಾರಪ್ಪಾ?" ಅಂದ್ರು. ಸರ್ಟಿಫಿಕೇಟ್ ಅಂದೆ. "ಹಾಗಾದ್ರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಇದ್ದುಬಿಡು" ಅಂತ ಸೊಪ್ಪು ಬಿಡಿಸೋಕೆ ಕೂತರು. ತಮಾಷೆ ಅಂದ್ರೆ ಅದಕ್ಕೂ ನಿಯಮದಲ್ಲಿ ಜಾಗ ಇದೆ. ಚೆಕ್‌ಲಾಗ್ ಅಂತ ಕಳಿಸಿದರೆ ಬೇರೆಯವರ ಲಾಗ್ ತಾಳೆ ನೋಡೋಕೆ ಬಳಸ್ತಾರೆ, ನಮ್ಮನ್ನು ಪಟ್ಟಿಗೆ ಸೇರಿಸಲ್ಲ.

ಗುರುವಾರ ಸಂಜೆ ಪೀಣ್ಯಕ್ಕೆ ಹೋದೆ. ನನಗೆ ರೇಡಿಯೋ ಕಲಿಸಿದ ಹಿರಿಯರು ಅಲ್ಲೇ ಲೇತ್ ಶೆಡ್ ನಡೆಸ್ತಾರೆ. ವಾರವೆಲ್ಲ ವೆಲ್ಡಿಂಗ್, ಮೋಟಾರುಗಳ ಸದ್ದಿನಲ್ಲಿ ಅವರ ರೇಡಿಯೋಗೆ ಏನೂ ಕೇಳಿಸಲ್ಲ. ಭಾನುವಾರ ಅಕ್ಕಪಕ್ಕದ ಶೆಡ್‌ಗಳಿಗೆ ರಜೆ ಇದ್ದಾಗ ಮಾತ್ರ ಅವರಿಗೆ ಹಬ್ಬ.

"ಸಾರ್, ಎಲ್ರೂ ಮಾಡ್ತಾರೆ, ಅಲ್ವಾ?" ಅಂದೆ.

"ಎಲ್ರೂ ಅಂದ್ರೆ ಯಾರಯ್ಯಾ? ಎಲ್ಲೋ ಒಂದೂರಲ್ಲಿ ನಿನ್ನಷ್ಟೇ 50 ವ್ಯಾಟ್ ಇಟ್ಕೊಂಡು ಒಬ್ಬ ಹುಡುಗ ಎರಡು ದಿನ ಫೋನ್ ಮುಟ್ಟದೆ ಕೂತಿರ್ತಾನೆ. ಪಟ್ಟಿಯಲ್ಲಿ ನೀನು ಅವನ ಮೇಲೆ ಹೋಗಿ ಕೂರ್ತೀಯ. ಅವನಿಗೆ ಯಾಕೆ ಅಂತಾನೂ ಗೊತ್ತಾಗಲ್ಲ."

ನಾನು ಸುಮ್ಮನಾದೆ. ಅವರೇ ಟೀ ಲೋಟ ಮುಂದಕ್ಕೆ ತಳ್ಳಿ, "ನಾನೇ ಕೇಳಿಸ್ಕೊಂಡೆ ಅನ್ನೋರಿಗೂ ಜಾಗ ಇಟ್ಟಿದಾರೆ, ಯಾರೋ ಹೇಳಿದ್ರು ಅನ್ನೋರಿಗೂ ಜಾಗ ಇಟ್ಟಿದಾರೆ. ನಿನ್ನ ಜಾಗದಲ್ಲಿ ನೀನು ಕೂತ್ಕೊಳೋಕೆ ಏನು ನಾಚಿಕೆ?" ಅಂದ್ರು.

ವರ್ಲ್ಡ್ ರೇಡಿಯೋಸ್ಪೋರ್ಟ್ ಟೀಮ್ ಚಾಂಪಿಯನ್‌ಶಿಪ್ ಅಂತ ಒಂದಿದೆ, 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿದ್ದು. ಈಗ ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಥರದ ಆಂಟೆನಾ, ಒಂದೇ ಪ್ರದೇಶದಲ್ಲಿ ಜಾಗ, ಪಕ್ಕದಲ್ಲೇ ಒಬ್ಬ ರೆಫರಿ. ನಮ್ಮಂಥವರ ಮನೆಯಲ್ಲಿ ರೆಫರಿ ಎಲ್ಲಿ ಬರ್ತಾನೆ? ಲಾಗ್‌ನ ಮೇಲ್ಗಡೆ ಕೆಟಗರಿ ಅಂತ ಒಂದು ಸಾಲಿರುತ್ತೆ, ರೆಫರಿ ಇರೋದು ಅಲ್ಲೇ. ಆಫೀಸಿನಲ್ಲಿ ಸೆಲ್ಫ್ ಅಪ್ರೈಸಲ್ ತುಂಬುವಾಗ, ಬೇರೆಯವರು ಹೇಳಿಕೊಟ್ಟ ಪರಿಹಾರಕ್ಕೆ ನಮ್ಮ ಹೆಸರು ಹಾಕುವಾಗ ಬರೋದೂ ಇಂಥದ್ದೇ ಒಂದು ಸಾಲು.

ಶುಕ್ರವಾರ ರಾತ್ರಿ ಆ ಸಾಲನ್ನು ಅಸಿಸ್ಟೆಡ್ ಅಂತ ಬದಲಾಯಿಸಿ ಲಾಗ್ ಕಳಿಸಿದೆ. 41,538 ಹಾಗೇ ಉಳಿಯಿತು, ದ್ವೀಪದವನ ಅಂಕವೂ ಉಳಿಯಿತು. ಆ ಪಂಗಡದಲ್ಲಿ ದೊಡ್ಡ ದೊಡ್ಡವರಿದ್ದಾರೆ, ನನ್ನ ಹೆಸರು ಕೆಳಗೆಲ್ಲೋ ಇರುತ್ತೆ. ಇರಲಿ.

ಗ್ರೂಪಿನ ಗೆಳೆಯನಿಗೆ ಏನೂ ಹೇಳಲಿಲ್ಲ, ಪಾಪ, ಒಳ್ಳೆ ಮನಸ್ಸಿಂದ ಕಳಿಸಿದ್ದ. ಮುಂದಿನ ಅಕ್ಟೋಬರ್‌ಗೆ ಒಂದು ವ್ಯವಸ್ಥೆ ಮಾತ್ರ ಮಾಡಿಕೊಂಡಿದ್ದೀನಿ. ಆ ಎರಡು ದಿನ ನನ್ನ ಫೋನ್ ಅಮ್ಮನ ಹತ್ತಿರ ಇರುತ್ತೆ. ಅವರು ಧಾರಾವಾಹಿ ನೋಡ್ತಾರೆ. ಒಮ್ಮೆ ಅವರ ಕೈಗೆ ಹೋದ ಫೋನ್ ಅಷ್ಟು ಬೇಗ ವಾಪಸ್ ಬರಲ್ಲ!